ನಿನ್ನ ಪಾತ್ರ ನಾನು ಮಾಡಿದೆ

ಉಡುತಡಿ, ಶಿಕಾರಿಪುರ ತಾಲ್ಲೂಕು
೬-೨-೨೦೨೫, ಗುರುವಾರ

ಮಗ ಮಾಳೇಶನಿಗೆ ನಿನ್ನ ಅವ್ವ ದುರುಗಮ್ಮ ಬರೆಯುವುದು.

ಹೇಗಿದ್ದೀಯಪ್ಪ? ಎಡಗಾಲಿನ ಮಂಡಿ ನೋವು ಇಳಿಯಿತೋ ಇಲ್ಲವೋ? ಸೊರಬದ ಜಡೆ ಕಡೆಯ ಗದ್ದೆಗಳಲ್ಲಿ ಬೆಳಗಿನ ಇಬ್ಬನಿಗೆ ಕಾಲು ಮರಗಟ್ಟುತ್ತದೆ ಎಂದು ನಿನ್ನ ಮಂದೆಯ ಕಲ್ಲಪ್ಪ ಹೋದ ಸಲ ಹಿಟ್ಟು ಒಯ್ಯಲು ಬಂದಾಗ ಹೇಳಿದ. ನಿನ್ನ ಹಳೇ ಬೂಟು ಅಟ್ಟದ ಮೇಲಿತ್ತು, ಒರೆಸಿ ಇಟ್ಟಿದ್ದೇನೆ. ಈ ಸಲ ಚೀಲದ ಜೊತೆ ಬರುತ್ತದೆ, ಹಾಕಿಕೋ. ಹೋದ ವರ್ಷದ ಕಂಬಳಿಯಂತೆ ಅದನ್ನೂ ಯಾರಿಗಾದರೂ ದಾನ ಮಾಡಿ ಬರಬೇಡ. ಕುರಿಗಳು ಹೇಗಿವೆ? ಕಾಲುಬಾಯಿ ಜ್ವರದ ಸೂಜಿ ಹಾಕಿಸಿದೆಯಾ? ಕುಂಟುತ್ತಿದ್ದ ಆ ಕೆಂದ ಕುರಿ ಮರಿ ಹಾಕಿತೇ? ನಿನ್ನ ಹೆಂಡತಿ ಮೀನಾ ಚೆನ್ನಾಗಿದ್ದಾಳೆ, ಅಂದರೆ ಅಳುವುದನ್ನು ಬಿಟ್ಟರೆ ಚೆನ್ನಾಗಿದ್ದಾಳೆ. ನನಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಎಲ್ಲ ಕಾಣಿಸುತ್ತದೆ, ಬೇಡದ್ದೂ ಕಾಣಿಸುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ ಇದು. ತಪ್ಪಿದ್ದರೆ ತಿದ್ದಿಕೊಂಡು ಓದು, ಆದರೆ ಪೂರ್ತಿ ಓದು.

ಫೋನು ಮಾಡದೆ ಈ ಮುದುಕಿ ಕಾಗದ ಯಾಕೆ ಬರೆಯುತ್ತಾಳೆ ಎಂದು ಅಂದುಕೊಳ್ಳುತ್ತೀಯ. ಫೋನಿನಲ್ಲಿ ನಿನಗೆ ಇಷ್ಟವಿಲ್ಲದ ಮಾತು ಬಂದ ಕೂಡಲೇ ಜಡೆಯಲ್ಲಿ ಸಿಗ್ನಲ್ ಹೋಗಿಬಿಡುತ್ತದೆ. ಎಷ್ಟು ಸಲ ಹೋಗಿದೆ ಎಂದರೆ, ಯಾವ ಮಾತಿಗೆ ಹೋಗುತ್ತದೆ ಎಂದು ನಾನು ಮೊದಲೇ ಹೇಳಬಲ್ಲೆ. ಕಾಗದಕ್ಕೆ ಆ ರೋಗವಿಲ್ಲ. ಭಾನುವಾರ ಫೋನ್ ಮಾಡಿ ನೀನು ಹೇಳಿದ್ದಿಷ್ಟು: "ಆಸ್ಪತ್ರೆ ಸಾಕು, ಆ ಫೋನಿನ ಆಟಾನೂ ಸಾಕು. ಶನಿವಾರ ಕಲ್ಲಪ್ಪ ಬರ್ತಾನೆ, ಬೀರೇಶನ್ನ ಅವನ ಜೊತಿ ಕಳಿಸಿಬಿಡು. ಕುರಿ ಹಿಂದೆ ತಿರುಗಿದ್ರೆ ತಾನೇ ಸರಿ ಹೋಗ್ತಾನೆ. ಕುರಿ ಏನು ಪ್ರಶ್ನೆ ಕೇಳ್ತಾವಾ?" ನಾನು ಬಾಯಿ ತೆರೆದೆ, ಸಿಗ್ನಲ್ ಹೋಯಿತು. ಅವತ್ತು ತೆರೆದ ಬಾಯಿಯನ್ನು ಇನ್ನೂ ಮುಚ್ಚಿಲ್ಲ ಎಂದು ತಿಳಿದುಕೋ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕೊನೆಯ ಸಾಲಿಗೆ ಹಾರಿ ಹುಡುಕುವ ಕೆಲಸ ನಿನಗೆ ಬೇಡ: ಶನಿವಾರ ಕಲ್ಲಪ್ಪನ ಜೊತೆ ನಿನ್ನ ಮಗನನ್ನು ಕಳಿಸುವುದಿಲ್ಲ. ಈ ಕಾಗದ ಕಳಿಸುತ್ತೇನೆ.

ನಾಲ್ಕು ತಿಂಗಳಾಯಿತು ನೀನು ಮನೆಗೆ ಬಂದು. ಸೊರಬ ಏನು ಸಮುದ್ರದ ಆಚೆ ಇದೆಯೇ? ಶಿಕಾರಿಪುರದಲ್ಲಿ ಒಂದು ಬಸ್ಸು, ಸೊರಬದಲ್ಲಿ ಒಂದು ಬಸ್ಸು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ. ಕುರಿ ಬಿಟ್ಟು ಬರಲಾಗುವುದಿಲ್ಲ ಎನ್ನುತ್ತೀಯ. ನಿಮ್ಮಪ್ಪನೂ ಕುರಿ ಕಾದವನೇ, ನೀನು ಹುಟ್ಟಿದಾಗ ಹಾನಗಲ್ಲಿನಿಂದ ನಡೆದು ಬಂದಿದ್ದ. ಇರಲಿ. ನೀನು ಇಲ್ಲದ ಈ ನಾಲ್ಕು ತಿಂಗಳಲ್ಲಿ ಇಲ್ಲಿ ಏನಾಯಿತು ಎಂಬುದು ನಿನಗೆ ನಿನ್ನ ದೊಡ್ಡಪ್ಪ ಉಜ್ಜಪ್ಪನ ಬಾಯಿಂದಲೇ ಗೊತ್ತು. ಅವನ ಬಾಯಿಗೆ ಹೋದ ಸುದ್ದಿ ಹೊರಗೆ ಬರುವಾಗ ಕೊಂಬು ಮೂಡಿಸಿಕೊಂಡು ಬರುತ್ತದೆ ಎಂಬುದೂ ನಿನಗೆ ಗೊತ್ತು. ಅದಕ್ಕೇ ನಾನು ಮೊದಲಿನಿಂದ ಹೇಳುತ್ತೇನೆ.

ಮಾತ್ರೆ ಶುರು ಮಾಡಿದ ಮೇಲೆ ಹುಡುಗನ ಕಿವಿಯಲ್ಲಿ ಬೈಯುತ್ತಿದ್ದ ದನಿಗಳು ನಿಂತವು. ಅದು ನಿನಗೂ ಗೊತ್ತು. ನಿಂತವು ಎಂದು ಎಲ್ಲರೂ ಸಮಾಧಾನ ಮಾಡಿಕೊಂಡೆವು. ಆದರೆ ದನಿಗಳ ಜೊತೆಗೆ ಇವನ ದನಿಯೂ ನಿಂತುಹೋಯಿತು. ಇಪ್ಪತ್ಮೂರು ವರ್ಷದ ಹುಡುಗ, ಶಿಕಾರಿಪುರದ ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ಇಂಜಿನ್ನು ಬಿಚ್ಚಿ ಜೋಡಿಸುತ್ತಿದ್ದವನು, ಮನೆಗೆ ಯಾರಾದರೂ ಬಂದರೆ ಹಿತ್ತಲಿಗೆ ಹೋಗಿ ನಿಲ್ಲುವುದು. ಮಾತಾಡಿಸಿದರೆ ನೆಲ ನೋಡುವುದು. ಗ್ಯಾರೇಜಿನ ವೀರೇಶ ಎರಡು ಸಲ ಬಂದು "ಬಾರೋ, ನಿನ್ನ ಜಾಗ ಹಂಗೇ ಐತೆ" ಎಂದು ಕರೆದ. ಗಿರಾಕಿ ಬಂದು "ಗಾಡಿಗೆ ಏನಾಗೈತೆ" ಎಂದು ಕೇಳಿದರೆ ಹೇಳಲು ಬಾಯಿ ಬರಬೇಕಲ್ಲ, ಇವನು ಹೋಗಲಿಲ್ಲ. ಆಸ್ಪತ್ರೆಗೆ ಮಂಗಳವಾರ ಬರುವ ಮನಸ್ಸಿನ ಡಾಕ್ಟರಿಗೆ ಇದನ್ನು ಹೇಳಿದೆ. ಅವರು ಕೌನ್ಸೆಲರ್ ಶಶಿರೇಖಾ ಎಂಬ ಹುಡುಗಿಯ ಕಡೆ ಕಳಿಸಿದರು. ಅವಳು ಬೀರೇಶನ ಫೋನಿನಲ್ಲಿ ಏನೋ ಒತ್ತಿ, ಒಂದು ಆ್ಯಪ್ ಹಾಕಿಕೊಟ್ಟು, "ಅಜ್ಜಿ, ಇದು ಜನರ ಜೊತೆ ಹೇಗೆ ಮಾತಾಡೋದು ಅಂತ ದಿನಾ ಸ್ವಲ್ಪ ಸ್ವಲ್ಪ ಕಲಿಸುತ್ತೆ. ಮಾತ್ರೆ ಒಂದೇ ಸಾಲಲ್ಲ, ಮಾತಿನ ಅಭ್ಯಾಸಾನೂ ಬೇಕು" ಎಂದಳು.

ನನಗೆ ಮೈಯೆಲ್ಲಾ ಉರಿಯಿತು. ಕಿವಿಯೊಳಗೆ ಯಾರೋ ಮಾತಾಡುತ್ತಾರೆ ಎಂದು ಎರಡು ವರ್ಷ ನರಳಿದ ಹುಡುಗನಿಗೆ ಕಿವಿಗೆ ವೈರು ಸಿಕ್ಕಿಸಿ, ಅದರೊಳಗೊಬ್ಬ ಹೆಂಗಸನ್ನು ಕೂರಿಸಿ ಮಾತಾಡಿಸುವುದೇ? "ಏನಮ್ಮ, ಒಂದು ಕಾಟ ಬಿಡಿಸಿ ಇನ್ನೊಂದು ಹಚ್ಚಿ ಕಳಿಸ್ತೀಯಾ?" ಎಂದು ಅಲ್ಲೇ ಎಲ್ಲರೆದುರು ಕೇಳಿದೆ. ಅವಳು ಉತ್ತರ ಹೇಳುವ ಮೊದಲು ಬೀರೇಶ ಹೇಳಿದ. ಮೂರು ತಿಂಗಳಲ್ಲಿ ನಾನು ಕೇಳಿದ ಅವನ ಮೊದಲ ಉದ್ದದ ಮಾತು ಅದು. "ಅಜ್ಜಿ, ಇದನ್ನ ಬೇಕಾದಾಗ ಬಂದ್ ಮಾಡಬೌದು. ಅವನ್ನ ಬಂದ್ ಮಾಡಾಕೆ ಆಗ್ತಿರಲಿಲ್ಲ." ನಾನು ಸುಮ್ಮನಾದೆ. ನಾನು ಸುಮ್ಮನಾಗುವುದು ನೀನು ನೋಡಿಲ್ಲ, ಅವತ್ತು ಬಂದಿದ್ದರೆ ನೋಡುತ್ತಿದ್ದೆ.

ಆದರೆ ಸುಮ್ಮನಾದದ್ದು ಆಸ್ಪತ್ರೆಯಲ್ಲಿ ಮಾತ್ರ. ಮನೆಗೆ ಬಂದ ಮೇಲೆ ಆ ಆ್ಯಪಿನ ಜೊತೆ ನಾನು ಪಟ್ಟ ಪಾಡು ಸೊಸೆಯ ಜೊತೆಗೂ ಪಟ್ಟಿಲ್ಲ. ದಿನಾ ಹತ್ತು ಗಂಟೆಗೆ ಗಂಟೆ ಹೊಡೆಯುತ್ತದೆ. ಎಲ್ಲರೂ ಕೆಲಸದಲ್ಲಿರುವ ಹೊತ್ತು ಅದು, ಮಾತಾಡಲು ಯಾರು ಸಿಗುತ್ತಾರೆ? ಮೊದಲು ಐದು ಗುಂಡನೆಯ ಮುಖ ತೋರಿಸಿ "ಇಂದು ನಿಮ್ಮ ಮನಸ್ಥಿತಿ ಯಾವುದು?" ಎಂದು ಕೇಳುತ್ತದೆ. ಒಂದು ಹಲ್ಲು ಕಿರಿಯುತ್ತದೆ, ಒಂದು ಅಳುತ್ತದೆ. ನಮ್ಮ ಮನೆಯಲ್ಲಿ ಇರುವ ಮುಖಗಳಂಥದ್ದು ಅದರಲ್ಲಿ ಒಂದೂ ಇಲ್ಲ. ಬೀರೇಶ ದಿನಾ ನಡುವಿನದನ್ನೇ ಒತ್ತುತ್ತಾನೆ. ಆಮೇಲೆ ಪಾಠ. ಪಾಠ ತೆರೆಯಲು ನೆಟ್ ಬೇಕು, ನೆಟ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಹೀಗಾಗಿ ಹುಡುಗ ಟ್ಯಾಂಕಿನ ಕಂಬಕ್ಕೆ ಒರಗಿ ನಿಂತು, ಫೋನಿನೊಳಗಿನ ಆ ಹೆಂಗಸು ಹೇಳಿಕೊಟ್ಟದ್ದನ್ನು ಗಟ್ಟಿಯಾಗಿ ಹೇಳಿ, ತನ್ನ ದನಿಯನ್ನು ತಾನೇ ರೆಕಾರ್ಡ್ ಮಾಡಬೇಕು. ನೀರಿಗೆ ಬಂದ ಹೆಂಗಸರು ಏನು ನೋಡಿದರು ಹೇಳು? ಹುಚ್ಚು ಬಿಟ್ಟಿತು ಎಂದ ಹುಡುಗ ಟ್ಯಾಂಕಿನ ಕೆಳಗೆ ಒಬ್ಬನೇ ನಿಂತು "ನನ್ನ ಹೆಸರು ಬೀರೇಶ, ನನ್ನ ಹೆಸರು ಬೀರೇಶ" ಎನ್ನುವುದನ್ನು. ಅದೇ ಟ್ಯಾಂಕಿನ ಹತ್ತಿರ ಊರಿನ ಗಂಡಸರೆಲ್ಲಾ ಕಿವಿಗೆ ಬಿಳೀ ತುಂಡು ಸಿಕ್ಕಿಸಿಕೊಂಡು ಗಾಳಿಗೆ ಕೈ ಬೀಸುತ್ತಾ ಜಗಳವಾಡುತ್ತಾರೆ, ಅವರನ್ನು ಯಾರೂ ಏನೂ ಅನ್ನುವುದಿಲ್ಲ. ಇವನು ಹೆಸರು ಹೇಳಿದ್ದೇ ತಪ್ಪಾಯಿತು.

ಇನ್ನು ನಿನ್ನ ದೊಡ್ಡಪ್ಪನ ಸಂಗತಿ. ಆ್ಯಪಿನ ಎರಡನೇ ವಾರದ ಪಾಠ, ಎದುರಿಗೆ ಬಂದವರನ್ನು ಮಾತಾಡಿಸುವುದು. ಏನು ಮಾಡಬೇಕಂತೆ ಗೊತ್ತೇ? ಮೂರು ಸೆಕೆಂಡು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮುಗುಳ್ನಗಬೇಕು. "ನಮಸ್ಕಾರ, ನೀವು ಹೇಗಿದ್ದೀರಿ? ನಿಮ್ಮನ್ನು ಭೇಟಿಯಾದದ್ದು ಸಂತೋಷ" ಎನ್ನಬೇಕು. ಯಾವ ಊರಿನಲ್ಲಿ ಹೀಗೆ ಮಾತಾಡುತ್ತಾರೋ ಆ ಪುಣ್ಯಾತ್ಮರಿಗೇ ಗೊತ್ತು. ನಮ್ಮ ಊರಿನಲ್ಲಿ ಎದುರಿಗೆ ಸಿಕ್ಕವರನ್ನು "ಯಾ ಕಡೆ ಹೊಂಟ್ರಿ" ಎನ್ನುತ್ತಾರೆ, "ಉಂಡ್ರೇನ್ರಿ" ಎನ್ನುತ್ತಾರೆ. ಉಂಡದ್ದು ಕಾಣುತ್ತಿದ್ದರೂ ಕೇಳುತ್ತಾರೆ. ಹೇಗಿದ್ದೀರಿ ಎಂದು ಕೇಳಬೇಕಾದರೆ ಕಾಯಿಲೆ ಬಿದ್ದಿರಬೇಕು, ಇಲ್ಲ ಪರಸ್ಥಳದಿಂದ ಬಂದಿರಬೇಕು. ಬೀರೇಶ ಪಾಪ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗ. ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಉಜ್ಜಪ್ಪನ ಎದುರು ನೆಟ್ಟಗೆ ನಿಂತ. ತುಟಿಯಲ್ಲೇ ಒಂದು ಎರಡು ಮೂರು ಎಣಿಸುತ್ತಾ ಕಣ್ಣು ಕೀಳದೆ ನೋಡಿದ. ನಕ್ಕ. ಹುಟ್ಟಿದಾಗಿನಿಂದ ದಿನಾ ನೋಡಿದ ಮುದುಕನಿಗೆ ನಿಮ್ಮನ್ನು ಭೇಟಿಯಾದದ್ದು ಸಂತೋಷ ಎಂದ. ಉಜ್ಜಪ್ಪನ ಬಾಯಲ್ಲಿದ್ದ ಎಲೆ ಅಡಿಕೆ ನೆಲಕ್ಕೆ ಬಿತ್ತಂತೆ. ಕೋಲು ಮರೆತು ನಮ್ಮ ಮನೆಗೆ ಓಡಿ ಬಂದ. "ದುರುಗಿ, ಅವನಿಗೆ ನಾನು ಯಾರು ಅಂತಾನೇ ಗೊತ್ತಾಗ್ಲಿಲ್ಲ. ಮತ್ತೆ ಶುರು ಆಗೈತೆ, ಬಾಗಿಲು ಹಾಕ್ಕೋ!" ಅಂದು ಸಂಜೆಯೊಳಗೆ ಊರಿಗೆಲ್ಲಾ ಶುರು ಆಗಿತ್ತು. ನಿನಗೆ ಫೋನು ಹೋದದ್ದೂ ಆಗಲೇ ಇರಬೇಕು. ಎರಡು ದಿನ ಬಿಟ್ಟು ಇನ್ನೊಂದು. ಮೀನಾ ತಟ್ಟೆಗೆ ಮುದ್ದೆ ಇಟ್ಟಳು, ಇವನು ತಲೆ ಎತ್ತಿ "ನಿಮ್ಮ ಸಹಾಯಕ್ಕೆ ಧನ್ಯವಾದಗಳು" ಎಂದ. ಹೆತ್ತ ತಾಯಿ ಬಡಿಸಿದ ಅನ್ನಕ್ಕೆ ಧನ್ಯವಾದ! ಮಗ ತನ್ನನ್ನು ಹೊರಗಿನವಳ ಹಾಗೆ ಕಂಡ ಎಂದು ನಿನ್ನ ಹೆಂಡತಿ ಒಲೆಯ ಮುಂದೆ ಕೂತು ಒಂದು ಗಂಟೆ ಅತ್ತಳು. ಫೋನು ಮಾತ್ರ ಹಸಿರು ಗುರುತು ಹಾಕಿ "ತುಂಬಾ ಚೆನ್ನಾಗಿ ಮಾಡಿದ್ದೀರಿ!" ಎಂದು ಹೊಗಳಿತು.

ಮಾರನೇ ದಿನ ಮಂಗಳವಾರ. ಬಸ್ಸು ಹತ್ತಿ ಶಶಿರೇಖಾಳ ಮುಂದೆ ಹೋಗಿ ಕೂತೆ. "ಏನಮ್ಮ, ಇದನ್ನ ಮಾಡಿದವರು ಯಾವತ್ತಾದ್ರೂ ಒಂದು ಊರಿನ ಕಟ್ಟೆ ಮುಂದೆ ಹಾದು ಹೋಗಿದಾರಾ? ನಮ್ಮ ಹುಡುಗನ್ನ ಸರಿ ಮಾಡಾಕೆ ಹೋಗಿ ಊರೆಲ್ಲಾ ಅವನ್ನ ನೋಡಿ ಬಾಗಿಲು ಹಾಕ್ಕೊಳ್ಳೋ ಹಂಗೆ ಮಾಡಿದ್ರಲ್ಲ" ಎಂದು ಬೈದೆ. ಬೈದಿದ್ದಕ್ಕೆ ಅವಳು ಬೇಸರ ಮಾಡಿಕೊಳ್ಳಲಿಲ್ಲ, ಅದಕ್ಕೂ ನನಗೆ ಸಿಟ್ಟು ಬಂತು. ನಗಲಿಲ್ಲವಲ್ಲ ಎಂಬುದೊಂದೇ ಸಮಾಧಾನ. ಉಜ್ಜಪ್ಪನ ಕತೆ ಪೂರ್ತಿ ಕೇಳಿ, ತಲೆ ಮೇಲೆ ಕೈ ಇಟ್ಟುಕೊಂಡು, "ತಪ್ಪು ನಂದೇ ಅಜ್ಜಿ. ಇದರಲ್ಲಿ ನಮ್ಮ ಮಾತು ಬರೆದುಕೊಳ್ಳೋಕೆ ಜಾಗ ಇದೆ, ನಾನು ತೋರಿಸಲೇ ಇಲ್ಲ. ನೀವು ಹೇಳಿ, ನಾನು ಹಾಕ್ತೀನಿ" ಎಂದಳು. ಅಲ್ಲೇ ಬೆಂಚಿನ ಮೇಲೆ ಕೂತು ನಾನು ಹೇಳಿದೆ, ಅವಳು ಬರೆದಳು. ಹಿರಿಯರ ಕಣ್ಣು ನೋಡಬಾರದು, ಹಣೆ ನೋಡಬೇಕು ಎಂದೆ. ಹೆಂಗಸರು ಎದುರಾದರೆ ದಾರಿ ಬಿಟ್ಟು "ನೀರಿಗಾ ಅತ್ತೆ?" ಎನ್ನಬೇಕು ಎಂದೆ. ಅವ್ವ ಬಡಿಸಿದರೆ ಧನ್ಯವಾದ ಅಲ್ಲ, "ಸಾರು ಚಲೋ ಆಗೈತೆ" ಎಂದರೆ ಸಾಕು, ಅವಳು ವಾರ ಪೂರ್ತಿ ಅದೇ ಸಾರು ಮಾಡುತ್ತಾಳೆ ಎಂದೆ. ಆಗ ಶಶಿರೇಖಾ ಫೋನಿನಲ್ಲಿ ಜೊತೆಗಾರ ಎಂಬ ಬಟನ್ ತೋರಿಸಿದಳು. ಮನೆಯವರೊಬ್ಬರು ಅಂಗಡಿಯವನೋ ಕಂಡಕ್ಟರೋ ಆಗಿ ಎದುರಿಗೆ ಕೂರಬೇಕಂತೆ, ಹುಡುಗ ಅವರ ಜೊತೆ ಮಾತಾಡಿ ರೂಢಿ ಮಾಡಿಕೊಳ್ಳಬೇಕಂತೆ. ಮೀನಾಳನ್ನು ಕೂರಿಸಿ ನೋಡಿದೆವು. ಎರಡನೇ ಮಾತಿಗೇ ಸೆರಗು ಕಣ್ಣಿಗೆ ಹೋಯಿತು. ಕೊನೆಗೆ ಆ ನಾಟಕ ನನ್ನ ತಲೆಗೇ ಬಂತು.

ಎಪ್ಪತ್ತೊಂದು ವರ್ಷಕ್ಕೆ ವೇಷ ಹಾಕಿದೆನಪ್ಪ ನಿನ್ನ ಮಗನಿಗಾಗಿ. ಕಿರಾಣಿ ಅಂಗಡಿ ಸಂಗಮೇಶನಾದೆ. ಆ್ಯಪಿನಲ್ಲಿರುವ ಅಂಗಡಿಯವನು "ಬನ್ನಿ, ನಿಮಗೇನು ಬೇಕು?" ಎಂದು ಹಲ್ಲು ಬಿಡುತ್ತಾನೆ. ನಮ್ಮ ಸಂಗಮೇಶ ಯಾವತ್ತು ಹಾಗೆ ಕೇಳಿದ್ದಾನೆ? ನಾನು ಅವನ ಹಾಗೇ ಮುಖ ತಿರುಗಿಸಿ ಪೇಪರ್ ಓದಿದೆ, ಮೂರು ಸಲ ಕರೆದ ಮೇಲೆ "ಏನೋ" ಎಂದೆ, ಸೋಪು ಕೇಳಿದರೆ ಬೀಡಿಕಟ್ಟು ಕೊಟ್ಟೆ. ಬೀರೇಶ ಮೊದಲ ದಿನ ಬೀಡಿಕಟ್ಟನ್ನೇ ತೆಗೆದುಕೊಂಡ. ನಾಲ್ಕನೇ ದಿನ "ಇದಲ್ಲರೀ, ಸೋಪು" ಎಂದ. ಒಂಬತ್ತನೇ ದಿನ ನಿಜವಾದ ಅಂಗಡಿಗೆ ಹೋಗಿ, ಸಂಗಮೇಶ ಹಳೇ ಬ್ರೆಡ್ಡು ಕೊಟ್ಟರೆ "ಇದು ಬ್ಯಾಡ, ಹೊಸದು ಕೊಡ್ರಿ" ಎಂದು ಬದಲಿಸಿಕೊಂಡು ಬಂದ. ಬರೀ ಬ್ರೆಡ್ಡು ಎನ್ನುತ್ತೀಯ. ನೀನು ಆ ಬ್ರೆಡ್ಡು ನೋಡಬೇಕಿತ್ತು, ಬಾಗಿಲಲ್ಲಿ ನಿಂತು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಆಮೇಲೆ ಬೇಡ ಎನ್ನುವ ಪಾಠ ಬಂತು, ಅದನ್ನು ನನ್ನ ಮೇಲೇ ಪ್ರಯೋಗ ಮಾಡಿದ. ಎರಡನೇ ಮುದ್ದೆ ಇಡಲು ಹೋದರೆ ತಟ್ಟೆ ಮುಚ್ಚಿ, "ಬ್ಯಾಡ ಅಂದ್ರೆ ಬ್ಯಾಡ ಅಜ್ಜಿ. ನಂಗೆ ಸಾಕಾಗೈತೆ." ಈ ಮನೆಯಲ್ಲಿ ನನಗೆ ಎದುರು ಮಾತಾಡಿದ ಮೊದಲ ಗಂಡಸು ಅವನು. ನಿಮ್ಮಪ್ಪನಿಗೂ ಆಗಿರಲಿಲ್ಲ. ಆ ಆ್ಯಪಿಗೆ ಶಾಪ ಹಾಕಿದೆ, ಆದರೆ ಮುದ್ದೆ ವಾಪಸ್ ಪಾತ್ರೆಗೆ ಹಾಕಿದೆ.

ಇಷ್ಟಕ್ಕೆ ಎಲ್ಲ ಸರಿ ಹೋಯಿತು ಎಂದುಕೊಳ್ಳಬೇಡ. ಒಂದು ದಿನ ಮುಂದೆ, ಎರಡು ದಿನ ಹಿಂದೆ. ಬಸ್ಸಿನಲ್ಲಿ ಜನ ತುಂಬಿದರೆ ಈಗಲೂ ಬೆವರುತ್ತಾನೆ. ಗ್ಯಾರೇಜಿನ ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದಾನೆ. ಉಜ್ಜಪ್ಪನ ಮನೆಯವರು ಇವನನ್ನು ಕಂಡರೆ ಇನ್ನೂ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ನೆಟ್ ಸಿಗದ ದಿನ ಆ ಆ್ಯಪು ನಿನ್ನೆ ಮಾಡಿದ್ದನ್ನೆಲ್ಲಾ ಮರೆತು "ನಿಮ್ಮ ಅಭ್ಯಾಸ ತಪ್ಪಿದೆ" ಎಂದು ಗದರಿಸುತ್ತದೆ. ಹುಡುಗ ಅದನ್ನೇ ನಿಜವೆಂದು ತಿಳಿದು ತಲೆ ತಗ್ಗಿಸುತ್ತಾನೆ. ಆ ಯಂತ್ರವನ್ನು ಹಿತ್ತಲ ಬಾವಿಗೆ ಎಸೆಯಬೇಕು ಎಂದು ನನಗೆ ವಾರಕ್ಕೆರಡು ಸಲ ಅನಿಸುತ್ತದೆ. ಆದರೂ ಎಸೆದಿಲ್ಲ. ಎಸೆಯುವ ಅಧಿಕಾರ ಅದರ ಜೊತೆ ದಿನಾ ಕೂತ ನನಗಿದೆ, ಜಡೆಯಲ್ಲಿ ಕೂತು "ಫೋನಿನ ಆಟ ಸಾಕು" ಎನ್ನುವ ನಿನಗಿಲ್ಲ.

ಈಗ ಬರೆಯಬೇಕಾದ್ದು ಬರೆಯುವುದಕ್ಕೆ ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಐದನೇ ಪಾಠ, ಮನಸ್ಸಿಗೆ ನೋವಾದದ್ದನ್ನು ಹತ್ತಿರದವರಿಗೆ ಹೇಳುವುದು. ಬೈಯದೆ, ಅಳದೆ, "ನೀನು ಹೀಗೆ ಮಾಡಿದಾಗ ನನಗೆ ಹೀಗಾಯ್ತು" ಎಂದು ಹೇಳಬೇಕು. ಯಾರಿಗೆ ಹೇಳುತ್ತೀಯೋ ಎಂದು ಕೇಳಿದೆ. ಸಂಗಮೇಶನ ಹೆಸರು ಹೇಳುತ್ತಾನೆ ಎಂದುಕೊಂಡಿದ್ದೆ. "ಅಪ್ಪಂಗೆ" ಎಂದ. ಹಾಗಾಗಿ ಹದಿನೈದು ದಿನದ ಹಿಂದೆ ನಾನು ನೀನಾದೆ ಮಾಳೇಶ. ನಿನ್ನ ಟವೆಲ್ಲು ತಲೆಗೆ ಸುತ್ತಿದೆ. ಮಂಚದ ಮೇಲೆ ನಿನ್ನ ಹಾಗೆ ಒಂದು ಕಾಲು ಮಡಚಿ ಕೂತೆ. ಬೀರೇಶ ನನ್ನನ್ನು ನೋಡಿ ಒಂದು ಸಲ ನಕ್ಕ, ಆಮೇಲೆ ನಗಲಿಲ್ಲ. ಫೋನನ್ನು ನೆಲದ ಮೇಲಿಟ್ಟು, ಕೈ ಎರಡೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತ. "ಅಪ್ಪಾ, ನೀನು ನನ್ನ ಕಾಲಿಗೆ ಹಗ್ಗ ಕಟ್ಟಿ ಕುರಿ ಗೂಟಕ್ಕೆ ಬಿಗಿದಾಗ, ಊರೋರೆಲ್ಲಾ ಬಂದು ನೋಡಿದ್ರು. ಆಗ ನಂಗೆ ನಾನು ಮನುಷ್ಯ ಅಲ್ಲ ಅನ್ನಿಸ್ತು."

ಎರಡು ವರ್ಷದ ಹಿಂದಿನ ಯುಗಾದಿಯ ಮುಂಚಿನ ಆ ಮೂರು ದಿನ ನಿನಗೆ ಮರೆತಿರಲಿಕ್ಕಿಲ್ಲ. ನನಗೆ ಮರೆತಿಲ್ಲ. ದನಿಗಳಿಗೆ ಹೆದರಿ ಲಾರಿ ಓಡಾಡುವ ರಸ್ತೆಗೆ ಓಡುತ್ತಿದ್ದ, ಕಟ್ಟದೆ ಇದ್ದರೆ ಹುಡುಗ ಉಳಿಯುತ್ತಿರಲಿಲ್ಲವೇನೋ. ಅದೆಲ್ಲಾ ನನಗೆ ಗೊತ್ತು. ಹಾಗಿದ್ದರೂ ಅವನು ಆ ಮಾತು ಹೇಳಿ ನನ್ನ ಮುಖ ನೋಡಿದಾಗ ಏನು ಉತ್ತರ ಕೊಡಬೇಕಿತ್ತು? ಆ್ಯಪಿನಲ್ಲಿ ಜೊತೆಗಾರರಿಗೆ ಬರೆದಿತ್ತು: ಪೂರ್ತಿ ಕೇಳಿಸಿಕೊಳ್ಳಿ, ಸಮರ್ಥನೆ ಬೇಡ. ನಾನು ಓದಿದ್ದೆ. ಆದರೆ ನಿನ್ನ ಟವೆಲ್ಲು ತಲೆ ಮೇಲಿತ್ತಲ್ಲ, ನಿನ್ನ ಮಾತೇ ಬಾಯಿಗೆ ಬಂತು. ಕೆಮ್ಮಿದೆ. "ನಿನ್ನ ಒಳ್ಳೇದಕ್ಕೇ ಕಟ್ಟಿದ್ದು ಕಣೋ. ಅದನ್ನೆಲ್ಲಾ ಈಗ ಯಾಕೆ ತೆಗೀತೀಯ" ಎಂದುಬಿಟ್ಟೆ. ಬೀರೇಶ ಫೋನು ಎತ್ತಿಕೊಂಡು ಎದ್ದು ಹೋದ. ಎರಡು ದಿನ ಪಾಠ ತೆರೆಯಲಿಲ್ಲ. ಹತ್ತು ಗಂಟೆಗೆ ಗಂಟೆ ಹೊಡೆದು ಹೊಡೆದು ತಾನೇ ಸುಮ್ಮನಾಗುತ್ತಿತ್ತು. ಆ ಎರಡು ದಿನ ನಾನು ಯಾರನ್ನು ಬೈಯಲಿ? ಆ್ಯಪನ್ನೇ? ಶಶಿರೇಖಾಳನ್ನೇ? ನಿನ್ನನ್ನು ಬೈದೆ, ಅದು ನಿಜ. ಆದರೆ ನಿನ್ನ ಮಾತು ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದು ಯಾಕೆ ಎಂದು ನೀನು ಕೇಳಿದರೆ ನನ್ನ ಹತ್ತಿರ ಉತ್ತರವಿದೆ. ಅವತ್ತು ಕೊಟ್ಟಿಗೆಯಿಂದ ಹಗ್ಗ ಹುಡುಕಿ ನಿನ್ನ ಕೈಗೆ ಕೊಟ್ಟವಳು ನಾನು. ಇದನ್ನು ನಾವಿಬ್ಬರೂ ಯಾವತ್ತೂ ಮಾತಾಡಿಲ್ಲ. ಅವನಿಗೂ ನಾನು ಹೇಳಿಲ್ಲ. ಹುಡುಗ ನಿನ್ನೊಬ್ಬನನ್ನೇ ಲೆಕ್ಕಕ್ಕೆ ಹಿಡಿದಿದ್ದಾನೆ, ನಾನು ಮುದ್ದಿನ ಅಜ್ಜಿಯಾಗಿ ಮುದ್ದೆ ಬಡಿಸಿಕೊಂಡು ಕೂತಿದ್ದೇನೆ.

ಮೂರನೇ ದಿನ ಅವನೇ ಬಂದು ಎದುರಿಗೆ ಕೂತ. ಏನಂದ ಗೊತ್ತೇ? "ಅಜ್ಜಿ, ನೀನು ಸರಿಯಾಗೇ ಮಾಡಿದಿ. ಅಪ್ಪ ಹಂಗೇ ಅಂತಾನೆ. ಅದಕ್ಕೇ ಇನ್ನೊಂದು ಸಲ ಮಾಡು, ಆಮೇಲೆ ಏನು ಹೇಳ್ಬೇಕು ಅಂತ ರೂಢಿ ಮಾಡ್ಕೋಬೇಕು." ನಾನು ಮತ್ತೆ ಟವೆಲ್ಲು ಸುತ್ತಿದೆ. ಅವತ್ತಿನಿಂದ ಇವತ್ತಿನವರೆಗೆ ದಿನಾ ಮಾಡುತ್ತಿದ್ದೇವೆ. ದಿನಾ ನಾನು ನೀನಾಗಿ "ನಿನ್ನ ಒಳ್ಳೇದಕ್ಕೇ" ಎನ್ನುತ್ತೇನೆ, ದಿನಾ ಅವನು "ಅದು ಗೊತ್ತೈತೆ ಅಪ್ಪ" ಎನ್ನುತ್ತಾನೆ. ಎದ್ದು ಹೋಗುವುದಿಲ್ಲ ಈಗ. ಆಮೇಲೆ ಕೇಳಬೇಕಾದ ಒಂದು ಮಾತು ಇದೆಯಂತೆ. ಅದನ್ನು ನನ್ನ ಹತ್ತಿರ ಹೇಳುವುದಿಲ್ಲ, ಅದು ಅಪ್ಪನಿಗೇ ಎನ್ನುತ್ತಾನೆ.

ಹೀಗೆ ನಡೆದಿರುವಾಗ ನೀನು ಕುರಿ ಹಿಂದೆ ಕಳಿಸು ಎನ್ನುತ್ತೀಯ. ಕುರಿಯ ಮೇಲೆ ನನಗೆ ಸಿಟ್ಟಿಲ್ಲ, ಈ ಮನೆ ಉಂಡದ್ದೇ ಅವುಗಳಿಂದ. ಅಲ್ಲಿಗೆ ಬಂದರೆ ಹುಡುಗ ಹಾಯಾಗಿರುತ್ತಾನೆ ಎಂಬುದೂ ಸುಳ್ಳಲ್ಲ. ಯಾರೂ ಮಾತಾಡಿಸುವುದಿಲ್ಲ, ಯಾರಿಗೂ ಉತ್ತರ ಹೇಳಬೇಕಿಲ್ಲ. ಆರು ತಿಂಗಳಲ್ಲಿ ಬಾಯಿ ಪೂರ್ತಿ ಮುಚ್ಚಿಹೋಗುತ್ತದೆ, ನೀನು ಅದನ್ನೇ ವಾಸಿಯಾಯಿತು ಎನ್ನುತ್ತೀಯ. ಮಂಗಳವಾರದ ಆಸ್ಪತ್ರೆ ತಪ್ಪುತ್ತದೆ. ಮಾತ್ರೆ ಮುಗಿದರೆ ಆ ಗದ್ದೆ ಬಯಲಿನಲ್ಲಿ ಯಾರು ತಂದುಕೊಡುತ್ತಾರೆ? ನಾಲ್ಕು ದಿನ ಮಾತ್ರೆ ತಪ್ಪಿದರೆ ಏನಾಗುತ್ತದೆ ಎಂದು ಹೋದ ದೀಪಾವಳಿಗೆ ನಾನೂ ಮೀನಾಳೂ ಇಲ್ಲಿ ನೋಡಿದ್ದೇವೆ. ಊರಿನವರ ಬಾಯಿಗೆ ಹೆದರಿ ನೀನು ಮಗನನ್ನು ಬಚ್ಚಿಡಲು ನೋಡುತ್ತಿದ್ದೀಯ. ಅವನು ಊರಿನವರ ಬಾಯಿಗೆ ಬಾಯಿ ಕೊಡಲು ಕಲಿಯುತ್ತಿದ್ದಾನೆ. ನಿಮ್ಮಿಬ್ಬರಲ್ಲಿ ಗಂಡಸು ಯಾರು ಎಂದು ನಾನು ಕೇಳುವುದಿಲ್ಲ, ಹೆತ್ತವಳಲ್ಲವೇ.

ನಮ್ಮ ದೇವರು ಬೀರಪ್ಪ ನಿನ್ನ ಮಂದೆಯನ್ನು ಕಾಯಲಿ, ನಿನ್ನ ಮಂಡಿಗೆ ಬಲ ಕೊಡಲಿ, ಕೊಡಲು ಇನ್ನೂ ಏನಾದರೂ ಉಳಿದಿದ್ದರೆ ಮೂರನೆಯದಾಗಿ ಸ್ವಲ್ಪ ಬುದ್ಧಿಯನ್ನೂ ಕೊಡಲಿ. ಮೀನಾ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿದ್ದಾಳೆ, ಸಿಟ್ಟಿನಲ್ಲಿದ್ದಾಳೆ ಎಂದು ನಾನು ಸೇರಿಸಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಹೆತ್ತವಳು,
ದುರುಗಮ್ಮ

ಮರೆತ ಮಾತು: ಶನಿವಾರ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ, ಬಸ್ಸಿಗೆ ಹೊತ್ತಾಯಿತು. ಕಲ್ಲಪ್ಪ ಏಳು ಗಂಟೆಗೇ ಬೈಕು ತಂದು ಅಂಗಳದಲ್ಲಿ ನಿಂತ. ನಾನು ಜಗಳಕ್ಕೆ ಸೆರಗು ಸಿಕ್ಕಿಸುವಷ್ಟರಲ್ಲಿ ಬೀರೇಶ ಒಳಗಿನಿಂದ ಚೀಲ ಹಿಡಿದು ಬಂದ. ಕಲ್ಲಪ್ಪನ ಹಣೆ ನೋಡಿಕೊಂಡು ಹೇಳಿದ: "ಕಲ್ಲಪ್ಪಣ್ಣ, ನೀನು ಕರ್ಕೊಂಡು ಹೋದ್ರೆ ನಂಗೆ ಕಟ್ಕೊಂಡು ಹೋದಂಗೆ ಆಗ್ತೈತೆ. ಹಿಟ್ಟು ಒಯ್ಯಿ. ನಾನು ಬಸ್ಸಿಗೆ ಬರ್ತೀನಿ, ಒಬ್ನೇ. ಸೋಮವಾರ ವಾಪಸ್ ಬರ್ತೀನಿ, ಮಂಗಳವಾರ ಆಸ್ಪತ್ರೆ ಐತೆ." ಕಲ್ಲಪ್ಪ ಬೆಪ್ಪಾಗಿ ಹಿಟ್ಟು ಬೂಟು ಕಟ್ಟಿಕೊಂಡು ಹೋದ. ಹಾಗಾಗಿ ಈ ಕಾಗದ ನಿನಗೆ ಕೊಡುವವನು ಬೀರೇಶನೇ. ಶಿಕಾರಿಪುರದಲ್ಲಿ ಒಂದು, ಸೊರಬದಲ್ಲಿ ಒಂದು, ಎರಡು ಬಸ್ಸು ಒಬ್ಬನೇ ಹತ್ತಿ ಬಂದಿರುತ್ತಾನೆ, ಬೆವರಿರುತ್ತಾನೆ, ಮೊದಲು ನೀರು ಕೊಡು. ಕಲ್ಲಪ್ಪ ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ಹಗ್ಗ ತಂದುಕೊಟ್ಟದ್ದು ನಾನು ಎಂದು ಹೇಳಿಬಿಟ್ಟೆ. "ಗೊತ್ತೈತೆ ಅಜ್ಜಿ, ನೋಡಿದ್ದೆ" ಎಂದ. ಎರಡು ವರ್ಷ ಗೊತ್ತಿತ್ತು ಅವನಿಗೆ. ಆಮೇಲೆ ನಿನ್ನ ಹತ್ತಿರ ಕೇಳಬೇಕಾದ ಮಾತು ಏನೆಂದು ತಾನಾಗಿ ಹೇಳಿದ. "ಮತ್ತೆ ನಂಗೆ ಹಂಗಾದ್ರೆ, ಮತ್ತೆ ಕಟ್ತೀಯಾ?" ಇಷ್ಟೇ. ನನ್ನ ಪಾಲಿನ ಉತ್ತರ ನಾನು ಹೇಳಿದೆ: "ಕಟ್ಟಲ್ಲ ಕಣೋ. ಹಿಡ್ಕೊಂಡು ಕೂರ್ತೀನಿ, ಆಸ್ಪತ್ರೆಗೆ ಒಯ್ತೀನಿ." ನಿನ್ನ ಉತ್ತರ ಅವನು ನನ್ನ ಬಾಯಿಂದ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನು ಕೇಳುವಾಗ ನಡುವೆ ಎದ್ದು ಹೋಗಬೇಡ ಮಾಳೇಶ. ಕುರಿ ಯಾರ ಹೊಲಕ್ಕೆ ನುಗ್ಗಿದರೂ ನುಗ್ಗಲಿ, ಕೂತಿರು.